ಕೆಸರಿನ ಕಾಲದಲ್ಲಿ ಸರೋವರದ ಹಾದಿ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಮತ್ತು ನ್ಯೂಯಾರ್ಕ್ ರಾಜ್ಯದ ಬೆಟ್ಟಸೀಮೆಯಲ್ಲಿ ವರ್ಷಕ್ಕೆ ನಾಲ್ಕು ಋತು ಸಾಲುವುದಿಲ್ಲ. ಚಳಿಗಾಲ ಮುಗಿಯಿತು ಅನ್ನುವಷ್ಟರಲ್ಲಿ ವಸಂತ ಬರುವುದಿಲ್ಲ; ನಡುವೆ ‘ಮಡ್ ಸೀಸನ್’ ಬಂದು ಕೂರುತ್ತದೆ. ಮಾರ್ಚ್ ನಡುವಿನಲ್ಲಿ ತಗ್ಗಿನ ಊರುಗಳಲ್ಲಿ ಶುರುವಾಗುವ ಈ ಕೆಸರಿನ ಕಾಲ ಮೆಲ್ಲಗೆ ಬೆಟ್ಟ ಹತ್ತಿ, ಎತ್ತರದ ಕಾಡುಗಳಲ್ಲಿ ಮೇ ಕೊನೆಯವರೆಗೆ, ಕೆಲವು ವರ್ಷ ಜೂನ್ ಮೊದಲ ವಾರಗಳವರೆಗೂ ಉಳಿಯುತ್ತದೆ. ವರ್ಮಾಂಟ್‌ನ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಡಾಂಬರು ಕಾಣದ ಮಣ್ಣಿನ ರಸ್ತೆಗಳು. ಈ ವಾರಗಳಲ್ಲಿ ಅಲ್ಲಿ ಕಾರಿನ ಚಕ್ರ ಹೂತು ನಿಲ್ಲುವುದು ಯಾರಿಗೂ ಸುದ್ದಿಯಲ್ಲ. ಮೇಪಲ್ ಮರದಿಂದ ಸಿಹಿ ರಸ ಇಳಿಸುವುದೂ ಈ ಕಾಲದ ಮೊದಲ ವಾರಗಳಲ್ಲೇ. ರಾತ್ರಿ ಹೆಪ್ಪುಗಟ್ಟಿಸಿ ಹಗಲು ಕರಗಿಸುವ ಹವೆ ಮರದಲ್ಲಿ ರಸ ಹರಿಸುತ್ತದೆ, ನೆಲದಲ್ಲಿ ರಾಡಿ ಎಬ್ಬಿಸುತ್ತದೆ. ತಿಂಗಳುಗಟ್ಟಲೆ ಹಿಮ ನೋಡಿ ಬೇಸತ್ತವರಿಗೆ ಏಪ್ರಿಲ್‌ನಲ್ಲಿ ಒಂದು ಬೆಚ್ಚನೆಯ ಭಾನುವಾರ ಸಿಕ್ಕರೆ, ಬೆಟ್ಟದ ಮೇಲಿನ ಸರೋವರಕ್ಕೆ ಹೋಗಿ ಬರೋಣ ಅನ್ನಿಸುವುದು ಸಹಜ. ಬಾಸ್ಟನ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಈ ಆಸೆಗೆ ಹೊರತಲ್ಲ. ಆದರೆ ಆ ಭಾನುವಾರ ಆ ಸರೋವರಕ್ಕೆ ಹೋಗಬಾರದು ಎಂಬುದು ನನ್ನ ವಾದ. ಯಾಕೆ ಹೋಗಬಾರದು ಎಂಬುದಕ್ಕೆ ಅಲ್ಲಿನ ಮಣ್ಣು ಕೊಡುವ ಕಾರಣ ನಮ್ಮ ಸಹ್ಯಾದ್ರಿಯ ಮಳೆಗಾಲದ ಚಾರಣಕ್ಕೂ ಅನ್ವಯಿಸುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ದಾರಿಯನ್ನೇ ತೆಗೆದುಕೊಳ್ಳೋಣ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ ಅಡಿರಾಂಡಾಕ್ ಎಂಬ ಬೆಟ್ಟಗಳ ಪ್ರದೇಶವಿದೆ. 1892ರಲ್ಲಿ ಉದ್ಯಾನವೆಂದು ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 60 ಲಕ್ಷ ಎಕರೆ. ಅದರ ನಡುವೆ ಹಾರ್ಟ್ ಲೇಕ್ ಎಂಬ ಪುಟ್ಟ ಸರೋವರದ ದಡದಿಂದ ಹೊರಟು ಮಾರ್ಸಿ ಡ್ಯಾಮ್ ದಾಟಿ ಎಂಟು ಕಿಲೋಮೀಟರಿನಷ್ಟು ನಡೆದರೆ ಅವಲಾಂಚ್ ಲೇಕ್ ಸಿಗುತ್ತದೆ. ಮಾರ್ಸಿ ಡ್ಯಾಮ್ ಈಗ ಹೆಸರಿಗೆ ಮಾತ್ರ. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ಮಳೆ ಆ ಮರದ ಅಣೆಯನ್ನು ಹಾಳುಗೆಡವಿತು, ಆಮೇಲೆ ಅದನ್ನು ಕಿತ್ತೇ ಹಾಕಿದರು. ಅವಲಾಂಚ್ ಲೇಕ್ ಇರುವುದು 2,800 ಅಡಿಗೂ ಮೇಲೆ, ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ. ನೀರಿನಿಂದ ನೆಟ್ಟಗೆ ಬಂಡೆ ಎದ್ದಿರುವ ಕಡೆ ಕಾಲಿಡಲು ಜಾಗವಿಲ್ಲದ್ದರಿಂದ, ಬಂಡೆಗೇ ಬೋಲ್ಟು ಹೊಡೆದು ಹಲಗೆಯ ಅಟ್ಟಣೆಗಳನ್ನು ಕೂರಿಸಿದ್ದಾರೆ. ಇನ್ನೂ ಮೇಲೆ, ರಾಜ್ಯದ ಅತಿ ಎತ್ತರದ ಮೌಂಟ್ ಮಾರ್ಸಿಯ ಹೆಗಲಲ್ಲಿ, ಸುಮಾರು 4,300 ಅಡಿ ಎತ್ತರದಲ್ಲಿ ‘ಲೇಕ್ ಟಿಯರ್ ಆಫ್ ದಿ ಕ್ಲೌಡ್ಸ್’ ಇದೆ. ಹಡ್ಸನ್ ನದಿಯ ಅತ್ಯುನ್ನತ ಮೂಲ ಇದೇ ಎಂದು ಸರ್ವೇಯರ್ ವರ್ಪ್ಲಾಂಕ್ ಕಾಲ್ವಿನ್ 1872ರಲ್ಲಿ ಗುರುತಿಸಿದ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿ ಸಾವಿನಂಚಿನಲ್ಲಿದ್ದಾರೆ ಎಂಬ ಸುದ್ದಿ ಉಪಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ತಲುಪಿದ್ದು ಈ ಕೊಳದ ಹತ್ತಿರ. ಅವನು ಅಲ್ಲಿಗೆ ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ಕೆಸರಿನ ಕಾಲದಲ್ಲಲ್ಲ. ಅವನ ಕತೆ ಓದಿ ಹುಮ್ಮಸ್ಸಿನಿಂದ ಏಪ್ರಿಲ್‌ನಲ್ಲಿ ಹೊರಡುವವರು ತಿಂಗಳನ್ನೂ ಓದಿಕೊಳ್ಳುವುದು ಒಳ್ಳೆಯದು.

ಏಪ್ರಿಲ್‌ನಲ್ಲಿ ಆ ದಾರಿಯ ಒಳಗೆ ಏನು ನಡೆಯುತ್ತಿರುತ್ತದೆ? ಚಳಿಗಾಲದಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿರುತ್ತದೆ. ಬಿಸಿಲು ಏರಿದಾಗ ಕರಗುವುದು ಮೇಲಿನ ಪದರ ಮಾತ್ರ. ಕೆಳಗಿನ ಪದರ ಇನ್ನೂ ಕಲ್ಲಿನಂತೆ ಬಿಗಿದಿರುತ್ತದೆ. ಮೇಲೆ ಹಿಮ ಕರಗಿದ ನೀರು, ಏಪ್ರಿಲ್‌ನ ಮಳೆ ನೀರು ಎರಡೂ ಸೇರುತ್ತವೆ, ಕೆಳಗೆ ಇಂಗಲು ದಾರಿಯಿಲ್ಲ. ಎಷ್ಟು ಕುಡಿಯಬಲ್ಲದೋ ಅಷ್ಟನ್ನೂ ಕುಡಿದ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲುತ್ತದೆ. ಅಂಥ ಮಣ್ಣಿನ ಮೇಲೆ ಬೂಟು ಬಿದ್ದರೆ ಏನಾಗುತ್ತದೆ ಎಂಬುದನ್ನು ಭತ್ತದ ನಾಡಿನವರಿಗೆ ವಿವರಿಸಬೇಕಿಲ್ಲ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಉತ್ತು, ತುಳಿದು ರೊಜ್ಜು ಮಾಡುವುದೇ ನೀರು ಇಂಗದೆ ನಿಲ್ಲಲಿ ಎಂದು. ಒದ್ದೆ ಮಣ್ಣನ್ನು ಕಲಸಿದರೆ ಅದರೊಳಗಿನ ಗಾಳಿ-ನೀರಿನ ಸಣ್ಣ ಸಂದುಗಳು ಮುಚ್ಚಿಹೋಗಿ, ಕೆಳಗೊಂದು ಬಿಗಿಯಾದ ಪದರ ಕೂರುತ್ತದೆ. ರೈತ ಬೇಕೆಂದು ಮಾಡುವ ಆ ಕೆಲಸವನ್ನು ಚಾರಣಿಗ ಬೇಡದ ಜಾಗದಲ್ಲಿ, ತನಗೇ ಗೊತ್ತಿಲ್ಲದಂತೆ ಮಾಡುತ್ತಾನೆ. ಬಸಿದು ಒಣಗಬೇಕಿದ್ದ ದಾರಿ ನೀರು ಹಿಡಿದುಕೊಳ್ಳುವ ಗುಂಡಿಯಾಗುತ್ತದೆ. ಮುಂದಿನ ಮಳೆಗೆ ಆ ಗುಂಡಿ ತುಂಬಿ ತುಳುಕಿ, ಇಳಿಜಾರಿನಲ್ಲಿ ಹರಿದು, ಸಡಿಲಾದ ಮಣ್ಣನ್ನು ಹೊತ್ತುಕೊಂಡು ಕೆಳಗಿನ ಹೊಳೆಗೆ, ಅಲ್ಲಿಂದ ಸರೋವರಕ್ಕೇ ಸೇರಿಸುತ್ತದೆ. ಅಡಿರಾಂಡಾಕ್‌ನ ಎತ್ತರದಲ್ಲಿ ಬಂಡೆಯ ಮೇಲಿರುವ ಮಣ್ಣಿನ ಹೊದಿಕೆಯೇ ತೆಳು. ಹಿಮನದಿಗಳು ಸರಿದುಹೋದ ಮೇಲಿನ ಸಾವಿರಾರು ವರ್ಷಗಳಲ್ಲಿ, ಸ್ಪ್ರೂಸ್ ಮತ್ತು ಫರ್ ಮರಗಳ ಎಲೆ, ಪಾಚಿ ಕೊಳೆತು ಕೂಡಿದ ಮಣ್ಣು ಅದು. ಒಮ್ಮೆ ಜಾರಿಹೋದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮತ್ತೆ ಕೂಡುವುದಿಲ್ಲ.

ಇದಕ್ಕಿಂತ ಹೆಚ್ಚಿನ ಹಾನಿ ಮಾಡುವವರು ಬೂಟು ಕೊಳೆಯಾಗಬಾರದು ಎನ್ನುವವರು. ದಾರಿಯ ನಡುವೆ ಹುದುಲು ಕಂಡ ಕೂಡಲೇ ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಪಾಚಿಯಿದೆ, ಸಣ್ಣ ಸಸಿಗಳಿವೆ, ನೋಡಲು ಗಟ್ಟಿಯಾಗಿದೆ. ಹತ್ತು ಮಂದಿ ಹೀಗೆ ಸರಿದರೆ ಆ ಪಾಚಿ ಮಾಯ, ಅಲ್ಲೂ ಕೆಸರು. ಹನ್ನೊಂದನೆಯವರು ಇನ್ನೂ ಆಚೆ ಸರಿಯುತ್ತಾರೆ. ಎರಡಡಿಯ ಕಾಲುದಾರಿ ಹತ್ತಡಿಯಾಗುವುದು, ಒಂದು ದಾರಿ ಕವಲೊಡೆದು ಮೂರಾಗುವುದು ಹೀಗೆ. ಹಿಮ ಉಳಿದಿರುವ ಕಡೆ ಇದಕ್ಕೆ ಇನ್ನೊಂದು ರೂಪವಿದೆ. ಚಳಿಗಾಲವಿಡೀ ಜನ ತುಳಿದ ನಡುಪಟ್ಟಿ ಗಟ್ಟಿ ಮಂಜಾಗಿ, ಅಕ್ಕಪಕ್ಕದ ಹಿಮ ಕರಗಿದ ಮೇಲೂ ಹಾವಿನ ಬೆನ್ನಿನಂತೆ ಉಬ್ಬಿ ಉಳಿದಿರುತ್ತದೆ. ಜಾರುವ ಆ ದಿಂಡಿನ ಮೇಲೆ ನಡೆಯಲು ಹೆದರಿ ಜನ ಅಂಚಿಗೆ ಇಳಿಯುತ್ತಾರೆ, ಮತ್ತೆ ಅಂಚೇ ಕೆಡುತ್ತದೆ. ಆದ್ದರಿಂದ ನ್ಯೂಯಾರ್ಕ್‌ನ ಪರಿಸರ ಸಂರಕ್ಷಣಾ ಇಲಾಖೆ ಪ್ರತಿ ವಸಂತದಲ್ಲೂ ಕೊಡುವ ಸಲಹೆ ಎರಡು ಮಾತಿನದು: 2,500 ಅಡಿಗಿಂತ ಮೇಲಿನ ದಾರಿಗಳಿಗೆ ಸದ್ಯ ಹೋಗಬೇಡಿ, ಕೆಳಗಿನ ದಾರಿಗಳಲ್ಲಿ ಕೆಸರು ಸಿಕ್ಕರೆ ಸುತ್ತು ಹಾಕದೆ ಕೆಸರಿನ ನಡುವೆಯೇ ನಡೆಯಿರಿ. ಎರಡನೆಯ ಮಾತು ಪಾಲಿಸಲು ಬೇಕಾದ್ದು ನೀರು ಹೊಗದ ಬೂಟು, ಮೊಣಕಾಲಿನವರೆಗೆ ಕಟ್ಟುವ ಗೇಟರ್, ಮನೆಗೆ ಹೋದ ಮೇಲೆ ತೊಳೆಯುವ ತಾಳ್ಮೆ. ಮೊದಲನೆಯ ಮಾತಿಗೆ ಬೇಕಾದ್ದು ಸಂಯಮ. ಅದು ಅಂಗಡಿಯಲ್ಲಿ ಸಿಗುವುದಿಲ್ಲ.

‘ನಾವು ಇದ್ದದ್ದೇ ನಾಲ್ಕು ಜನ, ಅಷ್ಟರಿಂದ ಏನಾಗುತ್ತದೆ’ ಎನ್ನುವುದು ಎಲ್ಲ ಬೆಟ್ಟಗಳ ಬುಡದಲ್ಲೂ ಕೇಳುವ ಮಾತು. ಇದಕ್ಕೆ ವಿಜ್ಞಾನದ ಉತ್ತರ ಸ್ವಲ್ಪ ಕಹಿಯಾಗಿದೆ. ಅಮೆರಿಕದ ಅರಣ್ಯ ಸೇವೆಯ ಸಂಶೋಧಕ ಡೇವಿಡ್ ಕೋಲ್ ಮತ್ತು ಅವರ ಜೊತೆಗಾರರು ಗಿಡ-ಹುಲ್ಲಿನ ಮೇಲೆ ಎಣಿಸಿ ಎಣಿಸಿ ನಡೆದು ಪ್ರಯೋಗ ಮಾಡಿದ್ದಾರೆ. ಅಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಹಾನಿ ಹೆಜ್ಜೆಗಳ ಲೆಕ್ಕಕ್ಕೆ ಸರಿಸಮನಾಗಿ ಏರುವುದಿಲ್ಲ. ತುಳಿಯದ ನೆಲಕ್ಕೆ ಬೀಳುವ ಮೊದಲ ಕೆಲವು ಹೆಜ್ಜೆಗಳೇ ಅತಿ ಹೆಚ್ಚು ಕೆಡಿಸುತ್ತವೆ. ಆಮೇಲೆ ಬರುವ ನೂರಾರು ಹೆಜ್ಜೆಗಳು ಆಗಲೇ ಕೆಟ್ಟದ್ದನ್ನು ಇನ್ನಷ್ಟು ಕೆಡಿಸುತ್ತವೆ, ಅಷ್ಟೆ. ಅಂದರೆ ಪಾಚಿಯ ಮೇಲೆ ಕಾಲಿಟ್ಟ ಮೊದಲ ನಾಲ್ವರ ಪಾಲು ದೊಡ್ಡದು. ಇದನ್ನೇ ತಿರುಗಿಸಿ ನೋಡಿದರೆ, ಆಗಲೇ ಕೆಸರಾದ ನಡುದಾರಿಯಲ್ಲಿ ನಡೆಯಿರಿ ಎಂಬ ಸಲಹೆಗೂ ಆಧಾರ ಸಿಗುತ್ತದೆ. ಕೆಟ್ಟದ್ದು ಅಲ್ಲಿಗೇ ನಿಲ್ಲಲಿ ಎಂಬ ಲೆಕ್ಕ. ದಾರಿಯ ಪಕ್ಕ ನಿಂತ ನೀರು ಚಾರಣಿಗನ ಕಣ್ಣಿಗೆ ಬರೀ ಹೊಂಡ. ಆದರೆ ಹಿಮ ಕರಗಿದ ನೀರು ನಿಂತು ಬೇಸಿಗೆಗೆ ಒಣಗಿಹೋಗುವ, ಮೀನಿಲ್ಲದ ಇಂಥ ತಾತ್ಕಾಲಿಕ ಕೊಳಗಳಿಗೇ ಕಾಡುಗಪ್ಪೆಗಳು, ಹಳದಿ ಚುಕ್ಕೆಯ ಸ್ಯಾಲಮಾಂಡರ್‌ಗಳು ಏಪ್ರಿಲ್‌ನ ಮಳೆ ರಾತ್ರಿಗಳಲ್ಲಿ ಮೊಟ್ಟೆಯಿಡಲು ಬರುತ್ತವೆ. ಚಳಿಗಾಲದಲ್ಲಿ ಎಲೆರಾಶಿಯ ಕೆಳಗೆ ಮೈಯ ನೀರಿನ ಹೆಚ್ಚಿನ ಪಾಲು ಮಂಜುಗಡ್ಡೆಯಾಗಿ, ಹೃದಯ ನಿಂತು, ವಸಂತಕ್ಕೆ ಮತ್ತೆ ಜೀವ ತಳೆಯುವ ಕಪ್ಪೆ ಅದು. ಅಷ್ಟು ಕಷ್ಟಪಟ್ಟು ಎದ್ದು ಬಂದದ್ದಕ್ಕೆ ನಮ್ಮ ಬೂಟಿನ ಅಡಿ ಸಿಗುವುದು ನ್ಯಾಯವಲ್ಲ.

ಜನರಿಗೆ ಇದನ್ನು ಹೇಗೆ ಹೇಳಬೇಕು ಎಂಬಲ್ಲಿ ಅಕ್ಕಪಕ್ಕದ ಎರಡು ರಾಜ್ಯಗಳ ದಾರಿ ಬೇರೆ ಬೇರೆ. ವರ್ಮಾಂಟ್ ತನ್ನ ರಾಜ್ಯ ಭೂಮಿಯ ಎತ್ತರದ ಕಾಲುದಾರಿಗಳನ್ನು ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದವರೆಗೆ ಮುಚ್ಚಿಬಿಡುತ್ತದೆ. 3,000 ಅಡಿ ಎತ್ತರದ ಸ್ಟರ್ಲಿಂಗ್ ಪಾಂಡ್‌ನಂಥ, ಒಂದು ಗಂಟೆಯ ಏರಿಗೆ ಸಿಗುವ ಜನಪ್ರಿಯ ಕೊಳದ ದಾರಿಗೂ ವಿನಾಯಿತಿಯಿಲ್ಲ. 1910ರಲ್ಲಿ ಹುಟ್ಟಿ, ರಾಜ್ಯದ ಉದ್ದಕ್ಕೂ 272 ಮೈಲಿಯ ಲಾಂಗ್ ಟ್ರೈಲ್ ಕಡಿದು ಕಾಪಾಡಿಕೊಂಡು ಬಂದಿರುವ ಗ್ರೀನ್ ಮೌಂಟನ್ ಕ್ಲಬ್ ಕೂಡ, ಚಾರಣವೇ ತನ್ನ ಉಸಿರಾಗಿದ್ದರೂ, ಈ ವಾರಗಳಲ್ಲಿ ಬೆಟ್ಟಕ್ಕೆ ಬರಬೇಡಿ ಎಂದೇ ಕೇಳಿಕೊಳ್ಳುತ್ತದೆ. ನ್ಯೂಯಾರ್ಕ್‌ನದು ಬರೀ ವಿನಂತಿ, ದಂಡವಿಲ್ಲ. ವಿನಂತಿಗೆ ಬೆಲೆಯಿಲ್ಲ ಎಂದು ಮೂಗು ಮುರಿಯುವವರು ಅದೇ ಅಡಿರಾಂಡಾಕ್‌ನ ಶಿಖರಗಳನ್ನು ನೋಡಬೇಕು. ಅಲ್ಲಿ ಮರಗಳ ಸಾಲು ಮುಗಿದ ಮೇಲಿನ ಬೋಳು ನೆತ್ತಿಗಳಲ್ಲಿ ಹಿಮಯುಗದಿಂದ ಉಳಿದುಬಂದ ಹುಲ್ಲು-ಹೂಗಳು, 1970ರ ಹೊತ್ತಿಗೆ ಚಾರಣಿಗರ ಕಾಲಡಿ ಸಿಕ್ಕಿ ನಾಶದ ಅಂಚಿಗೆ ಬಂದಿದ್ದವು. ಎಡ್ವಿನ್ ಕೆಚ್‌ಲೆಡ್ಜ್ ಎಂಬ ಸಸ್ಯಶಾಸ್ತ್ರಜ್ಞರು ಬೋಳಾದ ನೆಲಕ್ಕೆ ಹುಲ್ಲು ಬಿತ್ತಿ ಮಣ್ಣು ಕಟ್ಟಿದರು. ಅವರ ಪ್ರೇರಣೆಯಿಂದ 1989ರಲ್ಲಿ ಶಿಖರ ಪಾಲಕರ ಯೋಜನೆ ಶುರುವಾಯಿತು. ಪಾಲಕರು ಮಾಡುವುದೆಲ್ಲ ಇಷ್ಟೇ: ಬೇಸಿಗೆಯಲ್ಲಿ ನೆತ್ತಿಯ ಮೇಲೆ ನಿಂತು, ಬಂದವರ ಜೊತೆ ಮಾತಾಡಿ, ದಯವಿಟ್ಟು ಬಂಡೆಯ ಮೇಲೇ ಕಾಲಿಡಿ ಎನ್ನುವುದು. ಲಾಠಿಯಿಲ್ಲ, ರಸೀದಿ ಪುಸ್ತಕವಿಲ್ಲ. ಅಲ್ಲಿ ಹಸಿರು ಮರಳಿದೆ ಎಂಬುದನ್ನು ಹಳೆಯ ಮತ್ತು ಹೊಸ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದಾರೆ. ಕಾರಣವನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದರೆ ಬಹಳ ಜನ ಕೇಳುತ್ತಾರೆ. ಏಪ್ರಿಲ್‌ನ ತೊಂದರೆಯೆಂದರೆ ಹಾಗೆ ಹೇಳುವವರು ಆಗ ಬೆಟ್ಟದ ಮೇಲಿರುವುದಿಲ್ಲ. ಅದಕ್ಕೇ ಆ ಕಾಲಕ್ಕೆ ವರ್ಮಾಂಟ್‌ನ ಬೀಗವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸಾರ್ವಜನಿಕ ಭೂಮಿಗೆ ಹೋಗುವುದು ನಮ್ಮ ಹಕ್ಕು, ತೆರಿಗೆ ಕಟ್ಟುವುದಿಲ್ಲವೇ ಎಂಬ ಆಕ್ಷೇಪವನ್ನು ಬೇಗ ಮುಗಿಸಬಹುದು. ಅಡಿರಾಂಡಾಕ್‌ನ ರಾಜ್ಯಾರಣ್ಯ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು ನ್ಯೂಯಾರ್ಕ್ 1894ರಲ್ಲಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ. ಆ ಮಾತು ಈ ಭಾನುವಾರ ಬಂದವರಿಗೆ ಕೊಟ್ಟದ್ದಲ್ಲ, ನೂರು ವರ್ಷದ ನಂತರ ಬರುವವರೂ ಅದರ ಹಕ್ಕುದಾರರು. ಆರು ವಾರ ಕಾಯುವುದರಿಂದ ಯಾರ ಹಕ್ಕೂ ಸಾಯುವುದಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆಯದಿದೆ, ಅದನ್ನು ಗೌರವದಿಂದ ಕೇಳಬೇಕು. ತಪ್ಪು ನಡೆಯುವವರದಲ್ಲ, ದಾರಿಯದು ಎನ್ನುತ್ತಾರೆ ಕೆಲವರು. ಇದರಲ್ಲಿ ನಿಜವಿದೆ. ಅಡಿರಾಂಡಾಕ್‌ನ ಬಹಳಷ್ಟು ದಾರಿಗಳು ಹತ್ತೊಂಬತ್ತನೇ ಶತಮಾನದ ಮಾರ್ಗದರ್ಶಿಗಳು ಶಿಖರಕ್ಕೆ ಗುರಿಯಿಟ್ಟು ನೆಟ್ಟಗೆ ಕಡಿದವು. ಬಳಸಿ ಏರುವ ತಿರುವುಗಳಿಲ್ಲ. ಬೆಟ್ಟದ ನೀರು ಹರಿದಿಳಿಯುವ ರೇಖೆಯೂ ಮನುಷ್ಯ ಹತ್ತುವ ರೇಖೆಯೂ ಒಂದೇ ಆದರೆ ದಾರಿ ಹಳ್ಳವಾಗುವುದು ಖಂಡಿತ. ದಾರಿ ಇಳಿಜಾರಿಗೆ ಯಾವ ಕೋನದಲ್ಲಿ ಸಾಗುತ್ತದೆ ಎಂಬುದರ ಮೇಲೆ ಮಣ್ಣಿನ ಸವಕಳಿ ಬಹುಮಟ್ಟಿಗೆ ನಿಂತಿದೆ ಎಂದು ಜೆಫ್ ಮೇರಿಯನ್‌ರಂಥ ತಜ್ಞರು ಅಳತೆ ಮಾಡಿ ತೋರಿಸಿದ್ದಾರೆ. ಮೌಂಟ್ ವಾನ್ ಹೋವೆನ್‌ಬರ್ಗ್‌ಗೆ ಏರುವ ಹೊಸ ದಾರಿಯಂತೆ, ಕಲ್ಲಿನ ಮೆಟ್ಟಿಲು ಕೂರಿಸಿ, ಬಳಸಿ ಏರಿಸಿ, ನೀರಿಗೆ ಪ್ರತ್ಯೇಕ ದಾರಿ ಮಾಡಿ ಕಟ್ಟಿದರೆ ಕೆಸರಿನ ಕಾಟ ಎಷ್ಟೋ ತಗ್ಗುತ್ತದೆ. ನಮ್ಮ ತೋಟಗಳಲ್ಲಿ ಬಸಿಗಾಲುವೆ ತೆಗೆಯುವವರಿಗೆ, ಹೊಳೆಗೆ ಕಾಲುಸಂಕ ಹಾಕುವವರಿಗೆ ಈ ವಿದ್ಯೆ ಹೊಸದಲ್ಲ. ಆದರೆ ಕೆಲಸದ ಗತಿ ನೋಡಿ. ಯಂತ್ರ ಹೋಗದ ಎತ್ತರದಲ್ಲಿ ಒಂದೊಂದು ಮೆಟ್ಟಿಲ ಕಲ್ಲನ್ನೂ ಸನ್ನೆಕೋಲಿನಿಂದ ಮೀಟಿ ಕೂರಿಸಬೇಕು, ಕೆಲಸಕ್ಕೆ ಸಿಗುವುದು ಬೇಸಿಗೆಯ ನಾಲ್ಕು ತಿಂಗಳು. ಇಡೀ ಬೆಟ್ಟಸಾಲಿನ ಹಳೆಯ ದಾರಿಗಳನ್ನು ಹೀಗೆ ತಿದ್ದಿ ಮುಗಿಸಲು ದಶಕಗಳು ಬೇಕು. ಅಲ್ಲಿಯವರೆಗೆ ಇರುವ ದಾರಿಯನ್ನು ಉಳಿಸಿಕೊಳ್ಳದಿದ್ದರೆ, ತಿದ್ದುವ ಹೊತ್ತಿಗೆ ತಿದ್ದಲು ಮಣ್ಣೇ ಇರುವುದಿಲ್ಲ. ಒಳ್ಳೆಯ ದಾರಿ ಕಟ್ಟಬೇಕೆಂಬ ವಾದ ಕೆಟ್ಟ ದಾರಿಯಲ್ಲಿ ಏಪ್ರಿಲ್‌ನಲ್ಲಿ ನಡೆಯಲು ಅನುಮತಿಪತ್ರವಾಗುವುದಿಲ್ಲ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಜನ ಬರಬೇಡಿ ಎಂದರೆ ಲೇಕ್ ಪ್ಲಾಸಿಡ್, ಕೀನ್ ವ್ಯಾಲಿಯಂಥ ಊರುಗಳ ಹೋಟೆಲು, ಅಂಗಡಿಗಳ ಗತಿಯೇನು? ಹಿಮಕ್ರೀಡೆಯ ಕಾಲ ಮುಗಿದು ಬೇಸಿಗೆ ಬರುವ ಮುಂಚಿನ ಈ ವಾರಗಳು ಅಲ್ಲಿ ಮೊದಲೇ ಮಂದ ವ್ಯಾಪಾರದವು. ಎಷ್ಟೋ ಮಂದಿ ಅಂಗಡಿ ಮುಚ್ಚಿ ತಾವೇ ರಜೆ ಹೋಗುತ್ತಾರೆ. ಹಾಗೆಂದು ಬಂದ ಅತಿಥಿಯನ್ನು ವಾಪಸು ಕಳಿಸಬೇಕೆಂದು ಯಾರೂ ಹೇಳುತ್ತಿಲ್ಲ. ಸರೋವರ ನೋಡುವ ಆಸೆ ತೀರಿಸಲು ಎತ್ತರಕ್ಕೇ ಹೋಗಬೇಕಿಲ್ಲ. ಲೇಕ್ ಪ್ಲಾಸಿಡ್ ಊರ ನಡುವಿನ ಮಿರರ್ ಲೇಕ್‌ನ ಸುತ್ತ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ಗಟ್ಟಿ ಕಾಲುದಾರಿಯಿದೆ. ಮಂಜು ಒಡೆದು ನೀರು ಕಾಣುವುದನ್ನು ಬೂಟಿಗೆ ಮಣ್ಣು ಹತ್ತದೆ ನೋಡಬಹುದು, ಸುತ್ತು ಮುಗಿಸಿ ಬಿಸಿ ಕಾಫಿ ಕುಡಿದು ಊರಿನವರ ಗಲ್ಲಾಪೆಟ್ಟಿಗೆಗೂ ನಾಲ್ಕು ಕಾಸು ಹಾಕಬಹುದು. ವರ್ಮಾಂಟ್‌ನ ಬರ್ಲಿಂಗ್ಟನ್ ಹತ್ತಿರ ಹಳೆಯ ರೈಲುದಾರಿಯನ್ನು ನಡಿಗೆ-ಸೈಕಲ್ ದಾರಿ ಮಾಡಿದ್ದಾರೆ. ಅಮೃತಶಿಲೆಯ ಬಂಡೆಗಳನ್ನು ಪೇರಿಸಿ ಕಟ್ಟಿದ ಏರಿಯ ಮೇಲೆ ಅದು ಚಾಂಪ್ಲೇನ್ ಸರೋವರದ ನೀರಿನ ನಡುವೆಯೇ ಹಾದು ಹೋಗುತ್ತದೆ. ಬೆಟ್ಟದ ಸರೋವರದ ಏಕಾಂತ ಇಲ್ಲಿಲ್ಲ, ಒಪ್ಪಿದೆ. ಆದರೆ ಏಪ್ರಿಲ್‌ನಲ್ಲಿ ಅವಲಾಂಚ್ ಲೇಕ್ ಕೊಡುವುದು ಏಕಾಂತವೊಂದನ್ನೇ ಅಲ್ಲ: ಕೊಳೆತ ಹಿಮದಲ್ಲಿ ತೊಡೆಯವರೆಗೆ ಹೂಳುವ ಕಾಲು, ಉಕ್ಕಿದ ಹೊಳೆಗಳು, ಮೇಲೆ ಗಟ್ಟಿಯಂತೆ ಕಂಡು ಕೆಳಗೆ ಟೊಳ್ಳಾದ ಮಂಜಿನ ಹಾಸು. ಬಿಸಿಲು ಬೆಚ್ಚಗಿದೆ ಎಂದು ತೆಳು ಬಟ್ಟೆಯಲ್ಲಿ ಹೋದವರು ಒದ್ದೆಯಾದರೆ ಸಂಜೆಯ ಚಳಿಗೆ ನಡುಗಿ ಬೀಳುತ್ತಾರೆ, ಅವರನ್ನು ಹೊತ್ತು ತರಲು ರೇಂಜರ್‌ಗಳು ಅದೇ ಕೆಸರಿನಲ್ಲಿ ಹತ್ತಬೇಕು.

ತಾರೀಖು ನೋಡಿ ಬೀಗ ಹಾಕುವುದು ಸಾಕೇ ಎಂಬ ಅನುಮಾನವೂ ನ್ಯಾಯವಾದದ್ದೇ. ಮಿರರ್ ಲೇಕ್ ಯಾವಾಗ ಹೆಪ್ಪುಗಟ್ಟಿತು, ಯಾವಾಗ ಒಡೆಯಿತು ಎಂಬ ದಾಖಲೆ ಇಪ್ಪತ್ತನೇ ಶತಮಾನದ ಆರಂಭದಿಂದ ಇದೆ. ಮಂಜು ನಿಲ್ಲುವ ಅವಧಿ ಆಗಿನಿಂದ ಈಗ ಕಡಿಮೆಯಾಗಿದೆ. ಚಳಿಗಾಲದ ನಡುವೆಯೇ ಕರಗುವ ವಾರಗಳು ಬಂದು ಹೋಗುತ್ತವೆ, ಒಮ್ಮೊಮ್ಮೆ ಮೇ ತಿಂಗಳಲ್ಲೂ ಹಿಮ ಸುರಿಯುತ್ತದೆ. ಕ್ಯಾಲೆಂಡರ್ ಒಂದೇ ಸಾಲದು, ಮಣ್ಣಿನ ಸ್ಥಿತಿ ನೋಡಿ ತೆರೆಯುವ-ಮುಚ್ಚುವ ಅಧಿಕಾರ ಸ್ಥಳೀಯ ಸಿಬ್ಬಂದಿಗೆ ಇರಬೇಕು.

ಈಗ ನಮ್ಮ ಕಡೆ ತಿರುಗೋಣ. ಕರ್ನಾಟಕದಲ್ಲಿ ಹಿಮ ಕರಗುವುದಿಲ್ಲ. ನಮ್ಮ ಕೆಸರಿನ ಕಾಲ ಜೂನ್‌ನಿಂದ ಸೆಪ್ಟೆಂಬರ್. ವಿಚಿತ್ರವೆಂದರೆ ಅಡಿರಾಂಡಾಕ್‌ನಲ್ಲಿ ಬೆಟ್ಟ ಬಿಟ್ಟಿರಿ ಎನ್ನುವ ಸ್ಥಿತಿ ಇಲ್ಲಿ ಬೆಟ್ಟಕ್ಕೆ ಬನ್ನಿ ಎನ್ನುವ ಜಾಹೀರಾತು. ಕುದುರೆಮುಖ, ಕುರಿಂಜಾಲ್, ನೇತ್ರಾವತಿ ಶಿಖರಗಳ ಹಸಿರು ಹುಲ್ಲುಗಾವಲು, ಮಂಜು, ಜಾರುವ ದಾರಿ, ಕಾಲಿಗೆ ಹತ್ತುವ ಇಂಬಳ ಎಲ್ಲವೂ ಪ್ಯಾಕೇಜಿನ ಆಕರ್ಷಣೆಗಳೇ. ಈ ಸೀಮೆಯಲ್ಲಿ ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಹುಲ್ಲುಗಾವಲಿನ ಬೇರುಜಾಲ ಮಣ್ಣನ್ನು ಹಿಡಿದಿಟ್ಟುಕೊಂಡಿರುವವರೆಗೆ ಆ ಮಳೆ ಇಂಗಿ ತುಂಗೆ, ಭದ್ರೆ, ನೇತ್ರಾವತಿಗಳಿಗೆ ಮೆಲ್ಲಗೆ ಇಳಿಯುತ್ತದೆ. ಬೂಟಿನಡಿ ಹುಲ್ಲು ಸತ್ತು ಕೆಂಪು ಗೀರು ಮೂಡಿದರೆ, ಮುಂದಿನ ಮಳೆಗೆ ಆ ಗೀರೇ ಕೊರಕಲು. ಕುದುರೆಮುಖದ ಗಣಿಯಿಂದ ಭದ್ರೆಗೆ ಹೂಳು ಬರುತ್ತಿದೆ ಎಂದು ಈ ನಾಡು ವರ್ಷಗಟ್ಟಲೆ ಹೋರಾಡಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಗಣಿಯ ಹೂಳಿಗೂ ಕಾಲುದಾರಿಯ ಹೂಳಿಗೂ ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ, ಆ ಹೋಲಿಕೆ ಮಾಡುವುದು ಅಪ್ರಾಮಾಣಿಕತೆ. ಆದರೆ ಅಲ್ಲಿನ ಮಣ್ಣು ಎಷ್ಟು ಬೆಲೆಯದು ಎಂಬುದನ್ನು ನಾವು ಆಗಲೇ ಒಪ್ಪಿಕೊಂಡಾಗಿದೆ ಎಂದಷ್ಟೇ ನೆನಪಿಸಬೇಕು.

ನಮ್ಮಲ್ಲಿ ನಿರ್ಬಂಧಗಳೇ ಇಲ್ಲವೆಂದಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಜನಜಂಗುಳಿ ಸೇರಿದ ವಿಡಿಯೋ ಹರಿದಾಡಿತು. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲವೆಂದಿತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುತ್ತಾರೆ, ಮಳೆ ಜೋರಾದಾಗ ಅಪಘಾತದ ಭಯಕ್ಕೆ ಮುಚ್ಚುತ್ತಾರೆ. ಬೆಂಕಿ, ಜನಸಂದಣಿ, ಪ್ರಾಣಾಪಾಯ ಎಂಬ ಮೂರು ಕಾರಣ ಸರ್ಕಾರಿ ಆದೇಶಗಳಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಮಣ್ಣು ಎಂಬ ನಾಲ್ಕನೆಯ ಕಾರಣಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಒಳ್ಳೆಯದೇ, ಆದರೆ ಮೊದಲ ಹೆಜ್ಜೆಗಳೇ ಹೆಚ್ಚು ಕೆಡಿಸುತ್ತವೆ ಎಂದಾದರೆ, ನೆನೆದು ಮೆತ್ತಗಾದ ನೆಲಕ್ಕೆ ಇನ್ನೂರು ಜನವೂ ಹೆಚ್ಚೇ. ಡಿಸೆಂಬರ್‌ನ ಒಣ ದಾರಿಗೂ ಜುಲೈನ ರಾಡಿ ದಾರಿಗೂ ಒಂದೇ ಸಂಖ್ಯೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಮಲೆನಾಡಿನ ಹೋಂಸ್ಟೇ, ಜೀಪುಗಳ ಸಂಪಾದನೆ ಮಳೆಗಾಲದ ಪ್ರವಾಸಿಗರನ್ನು ನೆಚ್ಚಿದೆ ಎಂಬುದು ನಿಜ. ಅಲ್ಲಿನ ಉತ್ತರವೇ ಇಲ್ಲಿಗೂ: ಮಳೆ ನೋಡಲು ಬಂದವರಿಗೆ ಜೋಗವಿದೆ, ಘಾಟಿಯ ತಿರುವುಗಳಿವೆ, ತೋಟದ ನಡಿಗೆಯಿದೆ, ಹೋಂಸ್ಟೇ ಜಗಲಿಯೂ ಇದೆ. ನಿಲ್ಲಬೇಕಾದ್ದು ಹುಲ್ಲುಗಾವಲಿನ ನೆತ್ತಿಯ ನಡಿಗೆ ಮಾತ್ರ, ಅದೂ ಮಣ್ಣು ನೆನೆದಿರುವ ವಾರಗಳಲ್ಲಿ.

ಸಂಯಮ ನಾವಾಗಿ ತೋರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಾಖಂಡ ಉದಾಹರಣೆ. ರೂಪಕುಂಡ ಸರೋವರಕ್ಕೆ ಹೋಗುವ ದಾರಿ ಆಲಿ, ಬೇದಿನಿ ಎಂಬ ಎತ್ತರದ ಹುಲ್ಲುಗಾವಲುಗಳ ಮೇಲೆ ಹಾಯುತ್ತದೆ. ಬೆಂಗಳೂರಿನ ಚಾರಣಿಗರಿಗೂ ಅದು ಚಿರಪರಿಚಿತವಾಗಿತ್ತು. ಡೇರೆಗಳ, ಹೆಜ್ಜೆಗಳ ಭಾರಕ್ಕೆ ಆ ಹುಲ್ಲುಗಾವಲು ಬಸವಳಿದ ಮೇಲೆ ಅಲ್ಲಿನ ಹೈಕೋರ್ಟ್ 2018ರಲ್ಲಿ ರಾತ್ರಿ ಬಿಡಾರವನ್ನೇ ನಿಷೇಧಿಸಿತು, ದಿನದ ಸಂಖ್ಯೆಯನ್ನು 200ಕ್ಕೆ ಕಟ್ಟಿಹಾಕಿತು. ರಾತ್ರಿ ತಂಗದೆ ಹೋಗಿ ಬರಲಾಗದ ಆ ದಾರಿಯ ಚಾರಣವೇ ಅಲ್ಲಿಗೆ ನಿಂತಂತಾಯಿತು. ವರ್ಷಕ್ಕೆ ಕೆಲವು ವಾರ ಬಿಟ್ಟಿದ್ದರೆ ಸಾಕಿತ್ತೇನೋ. ಕಡೆಗೆ ಬಿಡಬೇಕಾಗಿ ಬಂದದ್ದು ಇಡೀ ವರ್ಷ.

ಆದ್ದರಿಂದ ಅರಣ್ಯ ಇಲಾಖೆಯಲ್ಲಿ ಒಂದು ಮನವಿ. ಚಾರಣದ ಬುಕಿಂಗ್ ಪುಟದಲ್ಲಿ ಪ್ರತಿ ದಾರಿಯ ಎದುರು ಮಣ್ಣಿನ ಸ್ಥಿತಿಗೂ ಒಂದು ಅಂಕಣ ಇಡಿ. ಹುಲ್ಲುಗಾವಲಿನ ದಾರಿಗಳಿಗೆ ಮಳೆಗಾಲದಲ್ಲಿ ಬೇರೆಯೇ ಮಿತಿ ಹಾಕಿ, ಮಣ್ಣು ತೀರಾ ನೆನೆದ ವಾರಗಳಲ್ಲಿ ಪೂರ್ತಿ ಮುಚ್ಚಿ, ಮುಚ್ಚಿದಾಗ ಕಾರಣವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಿ. ಮುಚ್ಚಿದ ದಾರಿಯ ಬದಲಿಗೆ ಹತ್ತಿರದ ಗಟ್ಟಿ ದಾರಿ ಯಾವುದೆಂದೂ ತಿಳಿಸಿ. ಬಾಸ್ಟನ್, ನ್ಯೂಜೆರ್ಸಿಯ ಓದುಗರಿಗೂ ಒಂದು ಮಾತು: ಅವಲಾಂಚ್ ಲೇಕ್ ಜೂನ್ ಕಳೆದ ಮೇಲೂ ಅಲ್ಲೇ ಇರುತ್ತದೆ, ಏಪ್ರಿಲ್‌ನಲ್ಲಿ ಮಿರರ್ ಲೇಕ್ ಸುತ್ತಿ ಬನ್ನಿ. ಎಲ್ಲೇ ಹೋದರೂ ದಾರಿಯಲ್ಲಿ ಕೆಸರು ಸಿಕ್ಕರೆ ಅಂಚಿಗೆ ಸರಿಯಬೇಡಿ, ನಡುವೆಯೇ ಕಾಲಿಡಿ.